ವೈಫೈ ಕಾರ್ಡ್ ಹೋಗಿದೆ ಅನ್ನುವ ಮೊದಲು ಅದರ ನಂಬರ್ ನೋಡಿ

ಸಂಪಾದಕರಿಗೆ ನಮಸ್ಕಾರ.

ಮೈಕ್ರೋಸಾಫ್ಟ್‌ನವರು ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿದರು. ಅವತ್ತಿನಿಂದ ಎಲ್ಲಿ ನೋಡಿದರೂ ಒಂದೇ ಸಲಹೆ. ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಡಿ, ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ, ಹಳೇ ಮಷೀನ್ ಮೇಲೂ ಚೆನ್ನಾಗಿ ಓಡುತ್ತದೆ. ನಿಮ್ಮ ಪತ್ರಿಕೆಯಲ್ಲೂ ಇಂಥದ್ದೊಂದು ಬರಹ ಬಂದಿತ್ತು. ಸಲಹೆ ಸರಿಯಾಗಿಯೇ ಇದೆ. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದ್ದೋ ಅದಕ್ಕಿಂತ ಈಚಿನದ್ದೋ ಆಗಿರಬೇಕು, ಹಾಗಾಗಿ ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಸುಮ್ನೆ ಮೂಲೆ ಸೇರುತ್ತಿವೆ. ನನ್ನ ತಕರಾರು ಬೇರೆ. ಈ ಬರಹಗಳೆಲ್ಲ ಪೆನ್‌ಡ್ರೈವ್ ರೆಡಿ ಮಾಡುವುದು ಹೇಗೆ, ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ ಹೇಳಿ ಅಲ್ಲಿಗೆ ಕೈ ತೊಳೆದುಕೊಳ್ಳುತ್ತವೆ. ಹೊಸಬರು ಮುಗ್ಗರಿಸುವುದು ಅದಾದ ಮೇಲೆ. ಡೆಸ್ಕ್‌ಟಾಪ್ ಬರುತ್ತದೆ, ಸೌಂಡ್ ಬರುತ್ತದೆ, ಆದರೆ ವೈಫೈ ಗುರುತು ಮಾತ್ರ ಎಲ್ಲೂ ಕಾಣುವುದಿಲ್ಲ.

ನಮ್ಮ ಅಕ್ಕನ ಮಗಳು ತುಮಕೂರಿನಲ್ಲೇ ಬಿ.ಕಾಂ. ಓದುತ್ತಾಳೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅವಳದು. ಯಾವುದೋ ವಿಡಿಯೊ ನೋಡಿಕೊಂಡು ತಾನೇ ಲಿನಕ್ಸ್ ಮಿಂಟ್ ಹಾಕಿಕೊಂಡಳು, ಅದಕ್ಕೆ ಅವಳನ್ನು ಮೆಚ್ಚಲೇಬೇಕು. ಆಮೇಲೆ ಫೋನ್ ಬಂತು. "ಮಾವ, ಎಲ್ಲಾ ಬಂತು, ವೈಫೈ ಒಂದೇ ಬರ್ತಿಲ್ಲ." ನನಗೆ ಹೇಳುವ ಮೊದಲೇ ಅವಳು ಊರಿನ ಒಂದು ರಿಪೇರಿ ಅಂಗಡಿಗೆ ಹೋಗಿ ಬಂದಿದ್ದಳು. ಅಲ್ಲಿಯವರು ಒಂದು ನಿಮಿಷ ನೋಡಿ, "ಕಾರ್ಡ್ ಹೋಗಿದೆಯಮ್ಮಾ, ಹೊಸದು ಹಾಕಿಸಬೇಕು, ಇಲ್ಲಾಂದ್ರೆ ವಾಪಸ್ ವಿಂಡೋಸ್ಸೇ ಹಾಕಿಸ್ಕೋ" ಅಂದರಂತೆ. ಹಿಂದಿನ ದಿನದವರೆಗೂ ವಿಂಡೋಸ್‌ನಲ್ಲಿ ಯೂಟ್ಯೂಬ್ ಓಡಿಸುತ್ತಿದ್ದ ಕಾರ್ಡ್ ಒಂದೇ ರಾತ್ರಿಯಲ್ಲಿ ಹೋಗಿಬಿಡುತ್ತದಾ? ಅಂಗಡಿಯವರ ಹೆಸರು ನಾನು ಹೇಳುವುದಿಲ್ಲ, ಅವರೊಬ್ಬರೇ ಹೀಗೆ ಹೇಳುವವರೂ ಅಲ್ಲ. ಲಿನಕ್ಸ್ ಗೊತ್ತಿಲ್ಲ ಅನ್ನುವುದಕ್ಕಿಂತ ಕಾರ್ಡ್ ಹೋಗಿದೆ ಅನ್ನುವುದು ಸಲೀಸು, ಅಷ್ಟೇ.

ಇಂಥ ಹೊತ್ತಲ್ಲಿ ಮೊದಲು ಮಾಡಬೇಕಾದ್ದು ಒಂದೇ ಕೆಲಸ. ಕಾರ್ಡ್ ಒಳಗಿರುವ ಚಿಪ್ ಯಾವುದು ಅಂತ ತಿಳಿದುಕೊಳ್ಳುವುದು. ಲ್ಯಾಪ್‌ಟಾಪ್ ಮೇಲೆ ಬರೆದಿರುವ ಕಂಪನಿ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ, ಒಂದೇ ಮಾಡೆಲ್‌ನಲ್ಲೇ ಬೇರೆ ಬೇರೆ ಚಿಪ್ ಹಾಕಿರುತ್ತಾರೆ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಎಲ್‌ಎಸ್‌ಪಿಸಿಐ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಸಣ್ಣ ಅಡ್ಡಗೆರೆ ಹಾಕಿ ಅದಕ್ಕೆ ಅಂಟಿಸಿ ಎನ್ ಎನ್ ಕೆ ಅಂತ ಸೇರಿಸಿ ಎಂಟರ್ ಒತ್ತಿ. (ಎಲ್ಲಾ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ. ಪತ್ರಿಕೆಗೆ ಅಂತ ಕನ್ನಡದಲ್ಲಿ ಬರೆದಿದ್ದೇನೆ.) ಪರದೆ ತುಂಬ ಸಾಲುಗಳು ಬರುತ್ತವೆ, ಹೆದರಬೇಡಿ. ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅಂತ ಇರುವ ಸಾಲು ವೈಫೈದು, ಇಥರ್‌ನೆಟ್ ಕಂಟ್ರೋಲರ್ ಅಂತ ಇರುವುದು ಕೇಬಲ್ ಚುಚ್ಚುವ ಪೋರ್ಟಿನದು. ಅವಳ ಲ್ಯಾಪ್‌ಟಾಪ್‌ನಲ್ಲಿ ವೈಫೈ ಸಾಲಿನ ಕೊನೆಗೆ ಚೌಕ ಬ್ರಾಕೆಟ್ಟಿನೊಳಗೆ 14ಇ4:4365 ಅಂತ ಇತ್ತು. ಮೊದಲ ಭಾಗ ಚಿಪ್ ಮಾಡಿದವರ ನಂಬರ್, ಎರಡನೆಯದು ಆ ಚಿಪ್‌ನ ನಂಬರ್. 14ಇ4 ಅಂದರೆ ಬ್ರಾಡ್‌ಕಾಮ್. 10ಇಸಿ ಅಂತಿದ್ದರೆ ರಿಯಲ್‌ಟೆಕ್. ಇಂಟೆಲ್‌ನದ್ದು 8086, ಅದೇ ನಂಬರಿನ ಅವರ 1978ರ ಹಳೇ ಪ್ರೊಸೆಸರ್ ನೆನಪಿರುವವರಿಗೆ ನಗು ಬರುತ್ತದೆ.

ಸಾಲು ಬಂತು ಅಂದರೆ ಕಾರ್ಡ್ ಬದುಕಿದೆ ಅಂತಲೇ ತಿಳಿಯಿರಿ, ಕಂಪ್ಯೂಟರ್ ಅದನ್ನು ನೋಡಿದೆ, ಮಾತಾಡಿಸಲು ಬೇಕಾದ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇಲ್ಲ ಅಷ್ಟೇ. ಆ ಸಾಲಿನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅಂತ ಇನ್ನೊಂದು ಸಾಲು ಇರಬೇಕು. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಇಲ್ಲ ಅಂತ ಸುಲಭವಾಗಿ ಗೊತ್ತಾಗುತ್ತದೆ. ಆದರೆ ಈ ಬ್ರಾಡ್‌ಕಾಮ್ ಚಿಪ್‌ನಲ್ಲಿ ಒಂದು ಕಿತಾಪತಿ ಇದೆ. ಅಲ್ಲಿ ಬಿಸಿಎಂಎ-ಪಿಸಿಐ-ಬ್ರಿಡ್ಜ್ ಅಂತ ತೋರಿಸುತ್ತದೆ. ಓ, ಡ್ರೈವರ್ ಇದೆಯಲ್ಲ, ಹಾಗಾದರೆ ಕಾರ್ಡೇ ಕೆಟ್ಟಿರಬೇಕು ಅಂತ ಹೊಸಬರು ತೀರ್ಮಾನ ಮಾಡಿಬಿಡುತ್ತಾರೆ. ಅದು ಬರೀ ಸೇತುವೆ, ವೈಫೈ ಓಡಿಸುವ ಡ್ರೈವರ್ ಅದಲ್ಲ. 4365 ನಂಬರಿನ ಚಿಪ್, ಅಂದರೆ ಬಿಸಿಎಂ43142, ಓಡಬೇಕಾದರೆ ಡಬ್ಲ್ಯುಎಲ್ ಅನ್ನುವ ಬೇರೆ ಡ್ರೈವರ್ ಬೇಕು. ಉಬುಂಟು ಮತ್ತು ಮಿಂಟ್ ಅನ್ನುವ ಲಿನಕ್ಸ್ ಬಗೆಗಳಲ್ಲಿ ಅದರ ಪ್ಯಾಕೇಜಿನ ಹೆಸರು ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್, ಡೆಬಿಯನ್ ಅನ್ನುವ ಇನ್ನೊಂದು ಬಗೆಯಲ್ಲಿ ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್.

ಆ ಡ್ರೈವರ್ ಮೊದಲೇ ಲಿನಕ್ಸ್ ಒಳಗೆ ಯಾಕಿಲ್ಲ ಅಂತ ಅವಳೂ ಕೇಳಿದಳು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಈ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು ಅದು) ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ, ವಿಂಡೋಸ್ ತರ ಸಿ.ಡಿ. ಹಾಕುವ ಪದ್ಧತಿ ಇಲ್ಲ. ಆದರೆ ಒಳಗೆ ಸೇರಬೇಕಾದರೆ ಡ್ರೈವರ್‌ನ ಸೋರ್ಸ್, ಅಂದರೆ ಬರೆದ ಕೋಡ್, ಎಲ್ಲರಿಗೂ ತೆರೆದಿರಬೇಕು. ಬ್ರಾಡ್‌ಕಾಮ್ ಕೆಲವು ಚಿಪ್‌ಗಳಿಗೆ 2010ರಲ್ಲಿ ತೆರೆದ ಡ್ರೈವರ್ ಕೊಟ್ಟಿತು. ಅದಕ್ಕೂ ಮುಂಚೆ ಹಳೇ ಚಿಪ್‌ಗಳಿಗೆ ಬಿ43 ಅನ್ನುವ ಡ್ರೈವರನ್ನು ಉತ್ಸಾಹಿಗಳು ಕಂಪನಿಯ ಡ್ರೈವರ್ ಹೇಗೆ ನಡೆಯುತ್ತದೆ ಅಂತ ನೋಡಿ ನೋಡಿಯೇ ಬರೆದಿದ್ದರು. 43142 ಈ ಎರಡರಲ್ಲೂ ಸೇರಲಿಲ್ಲ. ಅದರ ಡ್ರೈವರ್‌ನಲ್ಲಿ ಒಂದು ಭಾಗ ಮುಚ್ಚಿದ್ದೇ, ಹಾಗಾಗಿ ಹೊರಗೇ ಉಳಿದುಕೊಂಡಿದೆ.

ಸರಿ, ಡ್ರೈವರ್ ಇಳಿಸಿಕೊಳ್ಳೋಣ ಅಂದರೆ ಇಂಟರ್‌ನೆಟ್ ಬೇಕು. ಇಂಟರ್‌ನೆಟ್ ಬೇಕಾದರೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುವ ಗಾದೆ ಇದೆಯಲ್ಲ, ಥೇಟ್ ಅದೇ. ಜನ ಸೋತು ವಾಪಸ್ ವಿಂಡೋಸ್‌ಗೆ ಹೋಗುವುದು ಇಲ್ಲೇ. ಬಿಡಿಸಿಕೊಳ್ಳುವ ದಾರಿ ಎಲ್ಲರ ಜೇಬಿನಲ್ಲೂ ಇದೆ, ಆದರೆ ಯಾರೂ ಹೇಳುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಚುಚ್ಚಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಜಾಗಕ್ಕೇ ಹೋಗಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ವೈರ್ಡ್ ಕನೆಕ್ಷನ್ ಅಂತ ಹಿಡಿದುಕೊಳ್ಳುತ್ತದೆ, ಡ್ರೈವರ್ ಮೊದಲೇ ಒಳಗಿದೆ. ವೈಫೈ ಹಾಟ್‌ಸ್ಪಾಟ್ ಆನ್ ಮಾಡಿ ಪ್ರಯೋಜನ ಇಲ್ಲ, ಅದನ್ನು ಹಿಡಿಯಲು ಮತ್ತೆ ವೈಫೈಯೇ ಬೇಕು. ಫೋನ್ ಮನೆಯ ವೈಫೈಗೆ ಸೇರಿಕೊಂಡಿದ್ದರೆ ಅದೇ ನೆಟ್ಟು ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೂ ಬರುತ್ತದೆ, ಡೇಟಾ ಪ್ಯಾಕ್ ಖರ್ಚಾಗಲ್ಲ. ಆನ್ ಮಾಡುವ ಗುಂಡಿಯೇ ಮಂಕಾಗಿದ್ದರೆ ಕೇಬಲ್ ಬದಲಾಯಿಸಿ ನೋಡಿ. ಎಷ್ಟೋ ಅಗ್ಗದ ಕೇಬಲ್‌ಗಳಲ್ಲಿ ಚಾರ್ಜ್ ಆಗುವ ತಂತಿ ಮಾತ್ರ ಇರುತ್ತದೆ, ಡೇಟಾ ಹೋಗುವ ತಂತಿ ಇರುವುದೇ ಇಲ್ಲ.

ನೆಟ್ ಬಂದ ಮೇಲೆ ಟೈಪ್ ಮಾಡುವ ಕೆಲಸ ಹೆಚ್ಚೇನಿಲ್ಲ. ಮಿಂಟ್‌ನಲ್ಲಿ ಮೆನು ತೆರೆದು ಡ್ರೈವರ್ ಮ್ಯಾನೇಜರ್ ಅಂತ ಹುಡುಕಿ. ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್. ಬ್ರಾಡ್‌ಕಾಮ್ ಹೆಸರು ಬರುತ್ತದೆ, ಆರಿಸಿ, ಅಪ್ಲೈ ಒತ್ತಿ, ಕಾಯಿರಿ. ಮಿಂಟ್‌ನಲ್ಲಿ ನೆಟ್ ಸಿಗದಿದ್ದರೂ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವನ್ನೇ ಮತ್ತೆ ಚುಚ್ಚಿದರೆ ಅದರೊಳಗಿನಿಂದ ಈ ಡ್ರೈವರ್ ತೆಗೆದುಕೊಳ್ಳಬಹುದು.

ಇಷ್ಟಾದರೂ ಕೆಲವರಿಗೆ ಬರುವುದಿಲ್ಲ. ಕಾರಣ ಸೆಕ್ಯೂರ್ ಬೂಟ್. ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡದ ಕಾವಲು ಅದು. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ಕೊಡುತ್ತೀರಿ, ರೀಸ್ಟಾರ್ಟ್ ಮಾಡುತ್ತೀರಿ. ಆಗ ಲಿನಕ್ಸ್ ಶುರುವಾಗುವ ಮೊದಲೇ ಒಂದು ನೀಲಿ ಪರದೆ ಬರುತ್ತದೆ, ಯಾವುದಾದರೂ ಕೀ ಒತ್ತಿ ಅಂತ ಹೇಳಿ ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ. ಇದನ್ನು ನೋಡಿ ಗಾಬರಿಯಾಗಿ ಸುಮ್ಮನೆ ಕೂತವರೇ ಜಾಸ್ತಿ, ಯಾಕೆಂದರೆ ವಿಂಡೋಸ್‌ನಲ್ಲಿ ನೀಲಿ ಪರದೆ ಅಂದರೆ ಏನೋ ಕೆಟ್ಟಿತು ಅಂತಲೇ ಅರ್ಥ. ಇಲ್ಲಿ ಹಾಗಲ್ಲ. ಕೀ ಒತ್ತಿ, ಎನ್‌ರೋಲ್ ಎಂಒಕೆ ಅನ್ನುವುದನ್ನು ಆರಿಸಿ, ಮುಂದಕ್ಕೆ ಹೋಗಿ, ಯೆಸ್ ಅಂತ ಹೇಳಿ, ಆಗಲೇ ಕೊಟ್ಟ ಪಾಸ್‌ವರ್ಡ್ ಹಾಕಿ. ಆ ಹತ್ತು ಸೆಕೆಂಡ್ ತಪ್ಪಿಹೋದರೆ ಲಿನಕ್ಸ್ ಏನೂ ಆಗದ ಹಾಗೆ ತೆರೆದುಕೊಳ್ಳುತ್ತದೆ, ವೈಫೈ ಮಾತ್ರ ಬರಲ್ಲ, ಯಾಕೆ ಅಂತ ಎಲ್ಲೂ ಹೇಳಲ್ಲ. ಪಾಸ್‌ವರ್ಡ್ ಸರಳವಾಗಿರಲಿ, ಒಂದು ಸಲದ ಕೆಲಸಕ್ಕೆ ಅಷ್ಟು ಸಾಕು. ನಮ್ಮ ಹುಡುಗಿಯ ಲ್ಯಾಪ್‌ಟಾಪ್‌ನಲ್ಲಿ ಈ ಪರದೆ ದಾಟಿದ ಮೇಲೆ ಮೂಲೆಯಲ್ಲಿ ಅಕ್ಕಪಕ್ಕದ ಮನೆಯವರ ವೈಫೈ ಹೆಸರೆಲ್ಲ ಸಾಲಾಗಿ ಬಂದು ನಿಂತವು. "ಕಾರ್ಡ್ ಹೋಗಿದೆ ಅಂದ್ರಲ್ಲ ಮಾವ ಅವರು" ಅಂದಳು. ಹೊಸ ಕಾರ್ಡ್ ತಂದಿದ್ದರೆ ಅದರಲ್ಲೂ ಇದೇ ಚಿಪ್ ಇರಬಹುದಿತ್ತು!

ಇನ್ನು ಸಣ್ಣಪುಟ್ಟವು. ಡ್ರೈವರ್ ಇದ್ದೂ ವೈಫೈ ಆಫ್ ಅಂತಲೇ ತೋರಿಸಿದರೆ ಆರ್‌ಎಫ್‌ಕಿಲ್ ಲಿಸ್ಟ್ ಅಂತ ಟೈಪ್ ಮಾಡಿ. ಸಾಫ್ಟ್ ಬ್ಲಾಕ್ ಅಂದರೆ ಸಾಫ್ಟ್‌ವೇರ್ ಮುಚ್ಚಿದೆ, ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್ ಅಂದರೆ ತೆರೆಯುತ್ತದೆ. ಹಾರ್ಡ್ ಬ್ಲಾಕ್ ಯೆಸ್ ಅಂತಿದ್ದರೆ ಲ್ಯಾಪ್‌ಟಾಪ್ ಅಂಚಿನಲ್ಲಿ ಸಣ್ಣ ಸ್ವಿಚ್ ಇದೆಯಾ ನೋಡಿ, ಅಥವಾ ಎಫ್‌ಎನ್ ಕೀ ಜೊತೆ ಒತ್ತುವ ವಿಮಾನದ ಚಿತ್ರದ ಕೀ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನೇ ಮೊದಲು ನೋಡುವುದು ಒಳ್ಳೆಯದು. ರಿಯಲ್‌ಟೆಕ್ 8723ಬಿಇ ಚಿಪ್ ಇರುವವರಿಗೆ ಇನ್ನೊಂದು ಕಾಟ. ರೂಟರ್ ಪಕ್ಕದಲ್ಲಿ ಕೂತರೆ ಮಾತ್ರ ಸಿಗ್ನಲ್, ಹಜಾರಕ್ಕೆ ಬಂದರೆ ಹೋಯಿತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆಂಟೆನಾ ಹಾಕಿರುತ್ತಾರೆ, ಡ್ರೈವರ್ ಇನ್ನೊಂದು ಕಡೆ ಹುಡುಕುತ್ತಿರುತ್ತದೆ. ಎಎನ್‌ಟಿ_ಎಸ್‌ಇಎಲ್ ಅನ್ನುವ ಒಂದು ಆಯ್ಕೆಯನ್ನು 1 ಅಥವಾ 2 ಅಂತ ಬದಲಾಯಿಸಿದರೆ ಸರಿಹೋಗುತ್ತದೆ. ಡೆಬಿಯನ್ ಹಾಕುವವರು ಹಳೇ ಆವೃತ್ತಿ ಬಿಟ್ಟು 12 ಅಥವಾ ಅದರ ಮುಂದಿನದು ಹಾಕಿ. 2023ರ ಜೂನ್‌ನಲ್ಲಿ ಬಂದ 12ರಿಂದ ಕಾರ್ಡ್‌ಗಳಿಗೆ ಬೇಕಾದ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡುವ ಫೈಲಿನಲ್ಲೇ ಇರುತ್ತದೆ, ಮೊದಲು ಅದನ್ನು ಬೇರೆ ಹುಡುಕಿ ತರಬೇಕಿತ್ತು.

ಇಷ್ಟೆಲ್ಲ ಯಾರಿಗೆ ಬೇಕು, ಒಂದು ಯುಎಸ್‌ಬಿ ವೈಫೈ ತಂದು ಚುಚ್ಚಿದರೆ ಆಯಿತಲ್ವಾ ಅನ್ನುವವರಿದ್ದಾರೆ. ತನ್ನಿ, ಬೇಡ ಅನ್ನಲ್ಲ. ಆದರೆ ಅಲ್ಲೂ ಚಿಪ್ ಯಾವುದು ಅಂತ ಕೇಳದೆ ತರಬೇಡಿ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಅಂತ ಒಂದು ಇದೆ, ಲಿನಕ್ಸ್‌ಗೆ ಒಳ್ಳೆಯದು ಅಂತ ಹಳೇ ಬರಹಗಳೆಲ್ಲ ಹೊಗಳುತ್ತವೆ. ಆ ಹೊಗಳಿಕೆ ಮೊದಲ ಆವೃತ್ತಿಗೆ ಸೇರಿದ್ದು, ಅದರಲ್ಲಿ ಅಥೆರೋಸ್ ಎಆರ್9271 ಚಿಪ್ ಇತ್ತು. ಎರಡನೇ ಆವೃತ್ತಿಯಿಂದ ಒಳಗೆ ರಿಯಲ್‌ಟೆಕ್ ಚಿಪ್ ಬಂತು, ಡಬ್ಬದ ಮೇಲಿನ ಹೆಸರು ಅದೇ ಉಳಿಯಿತು. ಆವೃತ್ತಿಯ ನಂಬರ್ ಹಿಂದಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ "ಇದು ಲಿನಕ್ಸ್‌ನಲ್ಲಿ ನಡೆಯುತ್ತಾ?" ಅಂತ ಕೇಳಿದರೆ "ಎಲ್ಲದರಲ್ಲೂ ನಡೆಯುತ್ತೆ ಸಾರ್" ಅನ್ನುವ ಉತ್ತರವೇ ಬರುವುದು. ಹಾಗೆ ಕೇಳುವ ಬದಲು ಒಂದು ಸಲ ಚುಚ್ಚಿ ನೋಡಲು ಬಿಡಿ ಅಂತ ಕೇಳಿ, ನಿಮ್ಮ ಲ್ಯಾಪ್‌ಟಾಪ್ ಜೊತೆಯಲ್ಲೇ ಇರಲಿ.

ಹೊಸ ಲ್ಯಾಪ್‌ಟಾಪ್ ತಗೊಂಡವರಿಗೆ ಇದರ ಉಲ್ಟಾ ತೊಂದರೆ. ಕಾರ್ಡ್ ಹೊಸದು, ಲಿನಕ್ಸ್ ಹಳೆಯದು. ರಿಯಲ್‌ಟೆಕ್ 8852ಬಿಇ ಅನ್ನುವ ಚಿಪ್‌ಗೆ ಡ್ರೈವರ್ ಬಂದದ್ದು ಕರ್ನಲ್ 6.2ರಲ್ಲಿ. ಉಬುಂಟು 22.04 ಮೊದಲು ಬಂದಾಗ ಅದರಲ್ಲಿದ್ದದ್ದು 5.15. ಆ ಪೆನ್‌ಡ್ರೈವ್ ಹಿಡಿದುಕೊಂಡು ಎಷ್ಟು ತಿಣುಕಿದರೂ ವೈಫೈ ಬರುವುದಿಲ್ಲ, ಅದೇ 24.04 ಮೊದಲು ಬಂದಾಗಲೇ 6.8 ಇತ್ತು. ಇಲ್ಲಿ ಡ್ರೈವರ್ ಹುಡುಕುತ್ತಾ ಕೂರುವುದು ದಂಡ, ಹೊಸ ಆವೃತ್ತಿ ಇಳಿಸಿಕೊಳ್ಳಿ.

ಇದಕ್ಕಿಂತ ಜಾಸ್ತಿ ತಲೆ ಕೆಡಿಸುವುದು ಹಳೇ ಸಲಹೆಗಳು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಐಎಫ್‌ಕಾನ್‌ಫಿಗ್ ಟೈಪ್ ಮಾಡಿ, ವ್ಲಾನ್0 ಇದೆಯಾ ನೋಡಿ ಅಂತ ಬರುತ್ತದೆ. ಹೊಸ ಲಿನಕ್ಸ್‌ನಲ್ಲಿ ಆ ಕಮಾಂಡ್ ಎಷ್ಟೋ ಕಡೆ ಇರುವುದೇ ಇಲ್ಲ, ಐಪಿ ಎ ಅಂತ ಟೈಪ್ ಮಾಡಬೇಕು. ವ್ಲಾನ್0, ಇಥ್0 ಅನ್ನುವ ಹೆಸರುಗಳೂ ಹೆಚ್ಚಿನ ಕಡೆ ಹೋಗಿವೆ. ಡಬ್ಲ್ಯುಎಲ್‌ಪಿ2ಎಸ್0 ಅಂತ ಕಂಡರೆ ಅದು ವೈಫೈ, ಇಎನ್‌ಪಿ3ಎಸ್0 ಅಂತ ಕಂಡರೆ ಕೇಬಲ್‌ದು, ನಂಬರ್‌ಗಳು ಬೋರ್ಡಿನಲ್ಲಿ ಅದು ಎಲ್ಲಿ ಕೂತಿದೆ ಅನ್ನುವುದನ್ನು ಹೇಳುತ್ತವೆ. ಇನ್ನು ಗಿಟ್‌ಹಬ್ ಅನ್ನುವ ಕೋಡ್ ಹಂಚುವ ಜಾಲತಾಣದಿಂದ ಸಿಕ್ಕ ಸಿಕ್ಕ ಡ್ರೈವರ್ ಇಳಿಸಿ ಸುಡೊ (ಪೂರ್ತಿ ಅಧಿಕಾರ ಕೊಡುವ ಕಮಾಂಡ್) ಸೇರಿಸಿ ಅಂಟಿಸುವುದು. ಅದು ಅವತ್ತು ನಡೆಯಬಹುದು. ಮುಂದೆ ಯಾವತ್ತೋ ಕರ್ನಲ್ ಅಪ್‌ಡೇಟ್ ಆಗುತ್ತದೆ, ಬೆಳಗ್ಗೆ ಎದ್ದು ನೋಡಿದರೆ ವೈಫೈ ಮಾಯ. ಡಿಕೆಎಂಎಸ್ ಮೂಲಕ ಹಾಕಿದ ಡ್ರೈವರ್ ಆದರೆ ಹೊಸ ಕರ್ನಲ್ ಬಂದಾಗಲೆಲ್ಲ ತಾನೇ ಮತ್ತೆ ತಯಾರಾಗುತ್ತದೆ. ಡಿಸ್ಟ್ರೋದವರೇ, ಅಂದರೆ ಮಿಂಟ್, ಉಬುಂಟು ತರದವರೇ, ಕೊಡುವ ಪ್ಯಾಕೇಜ್ ಸಿಗುವಾಗ ಹೊರಗಿನದಕ್ಕೆ ಕೈ ಹಾಕಬೇಡಿ ಅಂತ ನಾನು ಹೇಳುವುದು ಅದಕ್ಕೇ.

ನಿಜ ಹೇಳಬೇಕೆಂದರೆ ಇದರಲ್ಲಿ ಮುಕ್ಕಾಲು ಪಾಲು ಲಿನಕ್ಸ್ ಹಾಕುವ ಮೊದಲೇ ಮುಗಿಸಬಹುದು. ವಿಂಡೋಸ್ ಇನ್ನೂ ಇರುವಾಗಲೇ ಡಿವೈಸ್ ಮ್ಯಾನೇಜರ್ ತೆರೆದು, ವೈಫೈ ಕಾರ್ಡ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಅದರಲ್ಲಿ ಹಾರ್ಡ್‌ವೇರ್ ಐಡಿಸ್ ಆರಿಸಿ. ವಿಇಎನ್ ಅಂತ ಬರೆದ ಮುಂದೆ ಒಂದು ನಂಬರ್, ಡಿಇವಿ ಅಂತ ಬರೆದ ಮುಂದೆ ಇನ್ನೊಂದು. ಅದೇ ಜೋಡಿ ನಂಬರ್. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಆ ನಂಬರ್ ಜೊತೆ ಲಿನಕ್ಸ್ ಅಂತ ಸೇರಿಸಿ ಹುಡುಕಿ. ಆಮೇಲೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ, ಸುಮ್ನೆ ಟ್ರೈ ಅನ್ನುವುದರಲ್ಲಿ ಒಳಗೆ ಹೋಗಿ ವೈಫೈ, ಸೌಂಡ್, ಬ್ಲೂಟೂತ್ ನೋಡಿ. ಹಾರ್ಡ್ ಡಿಸ್ಕ್‌ಗೆ ಏನೂ ಆಗಲ್ಲ. ಈ ಹೆಜ್ಜೆಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುವ ಬರಹಗಳ ಮೇಲೆ ನನಗೆ ಸಿಟ್ಟು ಇರುವುದು ನಿಜ.

ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ಲಿನಕ್ಸ್ ಮೇಲೇ ನಡೆಯುತ್ತವೆ, ಕೈಟ್ ಅನ್ನುವ ಅವರದೇ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ, ಮೇಷ್ಟ್ರುಗಳಿಗೆ ತರಬೇತಿಯನ್ನೂ ಕೊಡುತ್ತದೆ. ಹಾಗಾಗಿ ಅಲ್ಲಿ ಮಕ್ಕಳು ಕೇಳಿದರೆ ಹೇಳುವವರು ಶಾಲೆಯಲ್ಲೇ ಇರುತ್ತಾರೆ. ನಮ್ಮ ತುಮಕೂರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರ ಇಲ್ಲ. ತಿಂಗಳಿಗೆ ಒಂದು ಭಾನುವಾರ, ಟೌನ್ ಹಾಲ್ ಹತ್ತಿರವೋ ಯಾವುದಾದರೂ ಲೈಬ್ರರಿಯಲ್ಲೋ, ನಾಲ್ಕು ಜನ ಕಂಪ್ಯೂಟರ್ ಸೈನ್ಸ್ ಹುಡುಗರು ಮೇಜು ಹಾಕಿಕೊಂಡು ಕೂತರೆ ಸಾಕು. ಗುಬ್ಬಿ, ಕುಣಿಗಲ್, ಶಿರಾ ಕಡೆಯಿಂದ ಬಸ್ ಹತ್ತಿ ಬರುವವರೂ ಇದ್ದಾರೆ, ಅವರಿಗೆ ಬೆಂಗಳೂರಿನವರೆಗೆ ಹೋಗುವ ಕಷ್ಟ ತಪ್ಪುತ್ತದೆ. (ಗುಬ್ಬಿ ಅಂದಾಗ ನೆನಪಾಯಿತು, ಉಬುಂಟುವಿನಲ್ಲಿ ಗುಬ್ಬಿ, ನವಿಲು ಅಂತ ಕನ್ನಡ ಫಾಂಟ್‌ಗಳು ಸಿಗುತ್ತವೆ. ಪಕ್ಕದಲ್ಲಿ ನವಿಲು ಇರುವುದು ನೋಡಿದರೆ ಅದು ನಮ್ಮ ತಾಲ್ಲೂಕಲ್ಲ, ಹಕ್ಕಿಯೇ ಇರಬೇಕು.) ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮಾರುವವರಿಗೂ ಒಂದು ಮಾತು. ರ‍್ಯಾಮ್ ಎಷ್ಟು, ಹಾರ್ಡ್ ಡಿಸ್ಕ್ ಎಷ್ಟು ಅಂತ ಚೀಟಿ ಅಂಟಿಸುತ್ತೀರಲ್ಲ, ಅದೇ ಚೀಟಿಯಲ್ಲಿ ವೈಫೈ ಚಿಪ್‌ನ ಹೆಸರೂ ಬರೆಯಿರಿ, ಖರ್ಚೇನೂ ಇಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಲಿನಕ್ಸ್ ಬಗ್ಗೆ ಇನ್ನೊಮ್ಮೆ ಬರೆಸುವಾಗ ಅದರ ಗುಣಗಾನ ಅರ್ಧ ಮಾಡಿ, ಆ ಜಾಗದಲ್ಲಿ ಈ ಕೆಲಸಗಳನ್ನು ಕನ್ನಡದಲ್ಲಿ ಹಂತ ಹಂತವಾಗಿ ಹಾಕಿಸಿ. ಪರದೆಯ ಚಿತ್ರ ಹಾಕುವುದಾದರೆ ಅಕ್ಷರ ಓದಲು ಆಗುವಷ್ಟು ದೊಡ್ಡದಿರಲಿ, ಕಳೆದ ಸಲ ಭೂತಗನ್ನಡಿ ಬೇಕಾಗಿತ್ತು. ಈ ಪತ್ರ ಉದ್ದವಾಯಿತು ಅನಿಸಿದರೆ ಏನು ಬೇಕಾದರೂ ಕತ್ತರಿಸಿ, ಯುಎಸ್‌ಬಿ ಟೆದರಿಂಗ್ ಮತ್ತು ಆ ನೀಲಿ ಪರದೆ, ಎರಡನ್ನು ಮಾತ್ರ ಬಿಡಬೇಡಿ.

ಇಂತಿ,
ನಿಮ್ಮ ಓದುಗ,
ಕ್ಯಾತ್ಸಂದ್ರ, ತುಮಕೂರು